ಬಾಗಿಲು ಹಾಕಿದವರ ಲಾಗ್ ಓದಿ: ಓಪನ್‌ವಿಪಿಎನ್ ಸರ್ಟಿಫಿಕೇಟ್ ತಕರಾರುಗಳು

ಪ್ರಶ್ನೆ: ನಮ್ಮದು 32 ಜನರಿರುವ ಲೆಕ್ಕಪರಿಶೋಧನೆಯ ಕಚೇರಿ. ಹೊರಗಿನಿಂದ ಕಚೇರಿಯ ಜಾಲಕ್ಕೆ ಸುರಕ್ಷಿತವಾಗಿ ಸೇರಲು ಡೆಬಿಯನ್ ಸರ್ವರ್ ಮೇಲೆ ಓಪನ್‌ವಿಪಿಎನ್ ಹಾಕಿ, ಈಸಿ-ಆರ್‌ಎಸ್‌ಎ ಎಂಬ ಸಲಕರಣೆಯಿಂದ ಎಲ್ಲರಿಗೂ ಸರ್ಟಿಫಿಕೇಟ್ (ಗುರುತು ತೋರಿಸುವ ಫೈಲ್) ಮಾಡಿಕೊಟ್ಟಿದ್ದೇನೆ. ಒಂದೂವರೆ ವರ್ಷ ಏನೂ ತೊಂದರೆ ಇರಲಿಲ್ಲ. 2025ರ ಅಕ್ಟೋಬರ್ 6, ಸೋಮವಾರ ಬೆಳಿಗ್ಗೆ ಒಬ್ಬರಿಗೂ ಸಂಪರ್ಕ ಸಿಗಲಿಲ್ಲ. ಎಲ್ಲ ಲ್ಯಾಪ್‌ಟಾಪ್‌ಗಳಲ್ಲೂ 60 ಸೆಕೆಂಡಿನೊಳಗೆ ಟಿಎಲ್‌ಎಸ್ ಮಾತುಕತೆ (ಎರಡೂ ಕಡೆಯವರು ಗುರುತು ಖಚಿತ ಮಾಡಿಕೊಳ್ಳುವ ಹಂತ) ಮುಗಿಯಲಿಲ್ಲ, ನೆಟ್‌ವರ್ಕ್ ಸಂಪರ್ಕ ನೋಡಿಕೊಳ್ಳಿ ಎಂಬ ಸಂದೇಶ. ಫೈರ್‌ವಾಲ್ ತೆರೆದು ನೋಡಿದೆ, ರೂಟರ್ ಬದಲಿಸಿದೆ. ಸರ್ಟಿಫಿಕೇಟ್‌ಗಳ ಅವಧಿ 2026ರ ಜೂನ್‌ವರೆಗೂ ಇದೆ. ಏಪ್ರಿಲ್ 8ರಂದು ಕೆಲಸ ಬಿಟ್ಟ ಒಬ್ಬರ ಸರ್ಟಿಫಿಕೇಟ್ ರದ್ದು ಮಾಡಿದ್ದೆ; ಆಮೇಲೆ ಸರ್ವರ್ ಮುಟ್ಟಿಲ್ಲ. ಸಂರಚನೆಯಲ್ಲಿರುವ ಪರಿಶೀಲನೆಯ ಸಾಲುಗಳನ್ನು ತೆಗೆದುಹಾಕಿದರೆ ಸರಿಹೋಗುತ್ತದೆ ಎಂದು ಗೆಳೆಯರೊಬ್ಬರು ಹೇಳುತ್ತಿದ್ದಾರೆ. ತೆಗೆಯಲೇ?

ಉತ್ತರ: ದಯವಿಟ್ಟು ತೆಗೆಯಬೇಡಿ. ಗೆಳೆಯರು ಹೇಳಿದಂತೆ ಮಾಡಿದರೆ ಎಲ್ಲರಿಗೂ ಸಂಪರ್ಕ ಸಿಗುತ್ತದೆ, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಆ ಎಲ್ಲರಲ್ಲಿ ಏಪ್ರಿಲ್‌ನಲ್ಲಿ ಕೆಲಸ ಬಿಟ್ಟವರೂ ಸೇರುತ್ತಾರೆ. ಅವರ ಬಳಿ ಉಳಿದಿರಬಹುದಾದ ಸರ್ಟಿಫಿಕೇಟಿನ ಅವಧಿಯೂ ಉಳಿದವರಂತೆ 2026ರ ಜೂನ್‌ವರೆಗೆ ಇದೆ. ಅವರನ್ನು ಹೊರಗೆ ನಿಲ್ಲಿಸಿರುವುದು ಸರ್ವರ್‌ನಲ್ಲಿರುವ ಒಂದೇ ಒಂದು ಫೈಲ್. ನಿಮ್ಮ ಸೋಮವಾರದ ತೊಂದರೆಗೆ ಮೂಲವೂ ಅದೇ ಫೈಲ್ ಎಂದು ನಿಮ್ಮ ಪತ್ರ ಓದಿದ ಕೂಡಲೇ ನನಗೆ ಅನ್ನಿಸಿತು.

ಕಾರಣ ಹೇಳುತ್ತೇನೆ. ಎಲ್ಲರೂ ಒಂದೇ ಹೊತ್ತಿಗೆ ಹೊರಬಿದ್ದಿದ್ದಾರೆ, ಆದ್ದರಿಂದ ಕೆಟ್ಟಿರುವುದು ಒಬ್ಬೊಬ್ಬರ ಸರ್ಟಿಫಿಕೇಟ್ ಅಲ್ಲ, ಎಲ್ಲರಿಗೂ ಸಮಾನವಾದ ಯಾವುದೋ ಒಂದು. ನೀವು ಏನನ್ನೂ ಬದಲಿಸಿಲ್ಲ ಎನ್ನುತ್ತೀರಿ, ಅಂದರೆ ತಾನಾಗಿಯೇ ಅವಧಿ ಮುಗಿಯುವ ಏನೋ ಒಂದು ಮುಗಿದಿದೆ. ಸರ್ಟಿಫಿಕೇಟ್ ರದ್ದು ಮಾಡಿದ ಮೇಲೆ ಜೆನ್-ಸಿಆರ್‌ಎಲ್ ಆದೇಶ ಕೊಟ್ಟಾಗ ಈಸಿ-ಆರ್‌ಎಸ್‌ಎ ಸಿಆರ್‌ಎಲ್ ಎಂಬ ಫೈಲನ್ನು ಬರೆಯುತ್ತದೆ. ರದ್ದಾದ ಸರ್ಟಿಫಿಕೇಟ್‌ಗಳ ಪಟ್ಟಿ ಅದು, ಸಿಎಯ, ಅಂದರೆ ಸರ್ಟಿಫಿಕೇಟ್‌ಗಳಿಗೆ ಸಹಿ ಹಾಕುವ ಪ್ರಾಧಿಕಾರದ, ಸಹಿ ಇರುವ ಪಟ್ಟಿ. ಈ ಪಟ್ಟಿಗೂ ಅವಧಿ ಉಂಟು ಎನ್ನುವುದು ಬಹಳ ಜನರಿಗೆ ಗೊತ್ತಿರುವುದಿಲ್ಲ. ನೀವು ಬೇರೆ ಹೇಳದಿದ್ದರೆ ಈಸಿ-ಆರ್‌ಎಸ್‌ಎ ಕೊಡುವುದು 180 ದಿನ. ಏಪ್ರಿಲ್ 8ರಿಂದ 180 ದಿನ ಎಣಿಸಿ: ಅಕ್ಟೋಬರ್ 5, ಭಾನುವಾರ. ಕಚೇರಿ ಖಾಲಿ ಇದ್ದ ದಿನ ಪಟ್ಟಿಯ ಅವಧಿ ಮುಗಿದಿದೆ, ಸೋಮವಾರ ಬೆಳಿಗ್ಗೆ ಬಾಗಿಲು ತಟ್ಟಿದ ಮೊದಲಿಗರಿಗೆ ಅದು ಗೊತ್ತಾಗಿದೆ. ಭಾನುವಾರ ಯಾರಾದರೂ ಮನೆಯಿಂದ ಕೆಲಸ ಮಾಡುತ್ತಿದ್ದರೆ ಅವರ ಸಂಪರ್ಕವೂ ಹೆಚ್ಚು ಹೊತ್ತು ಉಳಿದಿರಲಾರದು, ಏಕೆಂದರೆ ಓಪನ್‌ವಿಪಿಎನ್ ಸಾಮಾನ್ಯವಾಗಿ ಗಂಟೆಗೊಮ್ಮೆ ಹೊಸದಾಗಿ ಕೀ ಮಾತುಕತೆ ನಡೆಸುತ್ತದೆ, ಆಗ ಸರ್ಟಿಫಿಕೇಟನ್ನೂ ಪಟ್ಟಿಯನ್ನೂ ಮತ್ತೆ ನೋಡುತ್ತದೆ. ಬೇಕಿದ್ದರೆ ನಿಮ್ಮವರನ್ನು ಕೇಳಿ ನೋಡಿ.

ಅವಧಿ ಮುಗಿದ ಪಟ್ಟಿಯನ್ನು ಸರ್ವರ್ ಏಕೆ ಇಷ್ಟು ಕಟ್ಟುನಿಟ್ಟಾಗಿ ನೋಡುತ್ತದೆ? 2.4ನೇ ಆವೃತ್ತಿಗೆ ಮುಂಚೆ ನೋಡುತ್ತಿರಲಿಲ್ಲ. ಆಗ ಓಪನ್‌ವಿಪಿಎನ್ ತನ್ನದೇ ಕೋಡಿನಿಂದ ಪಟ್ಟಿಯನ್ನು ತೆರೆದು ಸರ್ಟಿಫಿಕೇಟಿನ ಕ್ರಮಸಂಖ್ಯೆ ಇದೆಯೇ ಇಲ್ಲವೇ ಎಂದಷ್ಟೇ ಹುಡುಕುತ್ತಿತ್ತು. 2.4ರಿಂದ ಈ ಕೆಲಸವನ್ನು ಓಪನ್‌ಎಸ್‌ಎಸ್‌ಎಲ್‌ನಂತಹ ಗೂಢಲಿಪಿ ಲೈಬ್ರರಿಗೇ ಬಿಟ್ಟುಕೊಟ್ಟರು. ಲೈಬ್ರರಿಯ ದೃಷ್ಟಿಯಲ್ಲಿ ಹಳಸಿದ ಪಟ್ಟಿ ನಂಬಲು ಯೋಗ್ಯವಲ್ಲ. ನಂಬುವ ಪಟ್ಟಿ ಇಲ್ಲದಿದ್ದರೆ ಯಾರು ರದ್ದಾಗಿದ್ದಾರೆ, ಯಾರು ಆಗಿಲ್ಲ ಎಂದು ಹೇಳಲಾಗದು. ಹೇಳಲಾಗದಿದ್ದರೆ ಯಾರನ್ನೂ ಒಳಗೆ ಬಿಡಬಾರದು. ನನಗೆ ಈ ತರ್ಕ ಸರಿಯಾಗಿಯೇ ಕಾಣುತ್ತದೆ. ಕೊರತೆ ಇರುವುದು ಮುನ್ಸೂಚನೆಯಲ್ಲಿ. 179ನೇ ದಿನ ಲಾಗ್ (ಸರ್ವರ್ ಬರೆದಿಡುವ ದಾಖಲೆ) ಎಷ್ಟು ಶಾಂತವಾಗಿತ್ತೋ ಒಂದನೇ ದಿನವೂ ಅಷ್ಟೇ ಶಾಂತವಾಗಿತ್ತು.

ಇದೆಲ್ಲ ನನ್ನ ಊಹೆ ತಾನೆ? ಅದನ್ನು ನೀವೇ ಎರಡು ನಿಮಿಷದಲ್ಲಿ ಖಚಿತ ಮಾಡಿಕೊಳ್ಳಬಹುದು. ಸರ್ವರ್‌ನಲ್ಲಿ ಜರ್ನಲ್ (ವ್ಯವಸ್ಥೆಯ ಲಾಗ್) ತೆರೆದು ಓಪನ್‌ವಿಪಿಎನ್ ಸೇವೆಯ ಸಾಲುಗಳನ್ನು ನೋಡಿ. ನನ್ನ ಎಣಿಕೆ ಸರಿಯಿದ್ದರೆ ಇಂಥ ಸಾಲು ಸಾಲುಸಾಲಾಗಿ ಬಿದ್ದಿರುತ್ತದೆ: ‘ವೆರಿಫೈ ಎರರ್: ಡೆಪ್ತ್=0, ಎರರ್=ಸಿಆರ್‌ಎಲ್ ಹ್ಯಾಸ್ ಎಕ್ಸ್‌ಪೈರ್ಡ್’, ಅದರ ಹಿಂದೆಯೇ ಸಂಪರ್ಕಿಸಲು ಬಂದವರ ಹೆಸರು. ಆಮೇಲೆ ಓಪನ್‌ಎಸ್‌ಎಸ್‌ಎಲ್‌ನ ಸಿಆರ್‌ಎಲ್ ಆದೇಶಕ್ಕೆ ಆ ಫೈಲನ್ನು ಕೊಟ್ಟು ‘ನೆಕ್ಸ್ಟ್ ಅಪ್‌ಡೇಟ್’ ದಿನಾಂಕ ಕೇಳಿ. ಅದು ಜಿಎಂಟಿಯಲ್ಲಿ ಇರುತ್ತದೆ; ನಮ್ಮ ಹೊತ್ತು ಬೇಕಾದರೆ ಐದೂವರೆ ಗಂಟೆ ಕೂಡಿಸಿ.

ದುರಸ್ತಿ ಸರಳ. ಸಿಎಯ ಕೀ ಇರುವ ಯಂತ್ರದಲ್ಲಿ ಈಸಿ-ಆರ್‌ಎಸ್‌ಎಯ ಜೆನ್-ಸಿಆರ್‌ಎಲ್ ಆದೇಶ ಕೊಡಿ, ಸಿಎಯ ಪಾಸ್‌ವರ್ಡ್ ಹಾಕಿ, ಹುಟ್ಟಿದ ಹೊಸ ಪಟ್ಟಿಯನ್ನು ಸರ್ವರ್‌ನಲ್ಲಿ ಹಳೆಯದರ ಜಾಗಕ್ಕೆ ನಕಲಿಸಿ. ಯಾರನ್ನೂ ಹೊಸದಾಗಿ ರದ್ದು ಮಾಡಬೇಕಿಲ್ಲ. ಏಪ್ರಿಲ್‌ನಲ್ಲಿ ರದ್ದಾದವರ ಕ್ರಮಸಂಖ್ಯೆ ಹೊಸ ಪಟ್ಟಿಯಲ್ಲೂ ಬರುತ್ತದೆ. ಸರ್ವರನ್ನು ಮತ್ತೆ ಶುರು ಮಾಡುವ ಅಗತ್ಯವೂ ಇಲ್ಲ, ಫೈಲ್ ಬದಲಾಗಿದ್ದರೆ ಮುಂದಿನ ಸಂಪರ್ಕ ಬಂದಾಗ ಓಪನ್‌ವಿಪಿಎನ್ ತಾನೇ ಓದಿಕೊಳ್ಳುತ್ತದೆ.

ಇಲ್ಲೇ ಎರಡನೇ ಗುಂಡಿ ಇದೆ, ಬಹಳ ಜನ ಬೀಳುವ ಗುಂಡಿ. ನಿಮ್ಮ ಸಂರಚನೆಯಲ್ಲಿ ‘ಯೂಸರ್ ನೋಬಡಿ’ ಎಂಬ ಸಾಲಿದ್ದರೆ, ಶುರುವಾದ ಮೇಲೆ ಓಪನ್‌ವಿಪಿಎನ್ ರೂಟ್ (ಪೂರ್ಣ) ಅಧಿಕಾರ ಬಿಟ್ಟುಕೊಟ್ಟು, ನೋಬಡಿ ಎಂಬ ಬಹಳ ಕಡಿಮೆ ಅಧಿಕಾರದ ಬಳಕೆದಾರನಾಗಿ ಓಡುತ್ತದೆ. ಹೊಸ ಪಟ್ಟಿಯನ್ನು ಓದುವುದು ಆ ನೋಬಡಿಯೇ. ನೀವು ರೂಟ್ ಆಗಿ ನಕಲಿಸಿದ ಫೈಲಿನ ಅನುಮತಿ 600 (ಮಾಲೀಕರಿಗೆ ಮಾತ್ರ) ಎಂದಿದ್ದರೆ ಅದು ಓದಲಾರದು, ಫೈಲ್ ಇರುವ ಡೈರೆಕ್ಟರಿ 700 ಎಂದಿದ್ದರೆ ಫೈಲಿನ ಹತ್ತಿರಕ್ಕೂ ಹೋಗಲಾರದು. ಹೊಸ ಪಟ್ಟಿ ಹಾಕಿದರೂ ಏನೂ ಆಗಲಿಲ್ಲ ಎಂದು ಹೇಳುವವರಲ್ಲಿ ಹೆಚ್ಚಿನವರದ್ದು ಇದೇ ಕಥೆ. ಪಟ್ಟಿಯಲ್ಲಿ ಗುಟ್ಟು ಏನೂ ಇಲ್ಲ, ಎಲ್ಲರೂ ಓದಬಹುದಾದ 644 ಕೊಡಿ. ಖಾಸಗಿ ಕೀಗಳಿರುವ ಡೈರೆಕ್ಟರಿಯಿಂದ ಅದನ್ನು ಹೊರಗಿಟ್ಟು, ನೋಬಡಿ ಹೋಗಬಹುದಾದ ಜಾಗದಲ್ಲಿ ಇಡಿ. ಕೀಗಳ ಡೈರೆಕ್ಟರಿಯನ್ನು ಮಾತ್ರ ಸಡಿಲಿಸಬೇಡಿ.

ಮುಂದಿನ ಏಪ್ರಿಲ್‌ನಲ್ಲಿ ಇದೇ ಮರುಕಳಿಸಬಾರದಲ್ಲ? ಈಸಿ-ಆರ್‌ಎಸ್‌ಎಯ ವಾರ್ಸ್ ಎಂಬ ಸಂರಚನೆಯ ಫೈಲಿನಲ್ಲಿ ಪಟ್ಟಿಯ ಅವಧಿಯನ್ನು ಹೆಚ್ಚಿಸಬಹುದು. ಈ ಅವಧಿಯ ಉದ್ದೇಶವೇ ಬೇರೆ: ಪಟ್ಟಿಯನ್ನು ಜಾಲದ ಮೂಲಕ ದೂರದಿಂದ ತರಿಸಿಕೊಳ್ಳುವ ಕಡೆ, ಯಾರಾದರೂ ಹಳೆಯ ಪಟ್ಟಿಯನ್ನೇ ತೋರಿಸಿ ಮೋಸ ಮಾಡದಿರಲಿ ಎಂದು. ನಿಮ್ಮಲ್ಲಿ ಪಟ್ಟಿಯನ್ನು ಇಡುವವರೂ ನೀವೇ, ಓದುವ ಸರ್ವರೂ ನಿಮ್ಮದೇ. ಹಾಗಾಗಿ ಎರಡು ವರ್ಷದ ಅವಧಿ ಇಟ್ಟುಕೊಂಡರೆ ಭದ್ರತೆಗೆ ಹೇಳಿಕೊಳ್ಳುವ ನಷ್ಟವಿಲ್ಲ ಎಂಬುದು ನನ್ನ ಅಭಿಪ್ರಾಯ. ನಿಗದಿತ ಹೊತ್ತಿಗೆ ಕೆಲಸ ನಡೆಸುವ ಕ್ರಾನ್‌ನಿಂದ ತಾನಾಗಿಯೇ ಹೊಸ ಪಟ್ಟಿ ಮಾಡಿಸುವ ಆಸೆ ಬರುತ್ತದೆ. ಅದಕ್ಕಾಗಿ ಸಿಎ ಕೀಯ ಪಾಸ್‌ವರ್ಡ್ ತೆಗೆದು ಸರ್ವರ್‌ನಲ್ಲೇ ಇಟ್ಟವರನ್ನು ನೋಡಿದ್ದೇನೆ. ಅದು ಮನೆಯ ಬೀಗದ ಅಚ್ಚನ್ನೇ ಹೊಸ್ತಿಲ ಮೇಲೆ ಇಟ್ಟಂತೆ. ಕ್ರಾನ್ ಪಟ್ಟಿಯ ಕೊನೆಯ ದಿನಾಂಕ ನೋಡಿ, ಮೂವತ್ತು ದಿನ ಉಳಿದಾಗ ನಿಮಗೊಂದು ಮೇಲ್ ಕಳಿಸಲಿ. ಸಹಿ ಹಾಕುವ ಕೆಲಸ ನಿಮ್ಮ ಕೈಯಲ್ಲೇ ಇರಲಿ.

ನಿಮ್ಮ ಪ್ರಶ್ನೆಗೆ ಉತ್ತರ ಇಷ್ಟೇ. ಆದರೆ ರೂಟರ್ ಬದಲಿಸಿದೆ ಎಂಬ ಮಾತು ನನ್ನನ್ನು ಕಾಡಿತು, ಆದ್ದರಿಂದ ಇನ್ನೂ ಸ್ವಲ್ಪ ಬರೆಯುತ್ತೇನೆ.

ಓಪನ್‌ವಿಪಿಎನ್‌ನಲ್ಲಿ ಪರಿಶೀಲನೆ ಎರಡು ಕಡೆಯಿಂದ ನಡೆಯುತ್ತದೆ. ಸರ್ವರ್ ಕ್ಲೈಂಟನ್ನು (ಸಂಪರ್ಕಿಸಲು ಬಂದ ಯಂತ್ರವನ್ನು) ಪರೀಕ್ಷಿಸುತ್ತದೆ, ಕ್ಲೈಂಟ್ ಸರ್ವರನ್ನು ಪರೀಕ್ಷಿಸುತ್ತದೆ. ಯಾರು ತಿರಸ್ಕರಿಸುತ್ತಾರೋ ಕಾರಣ ಅವರ ಲಾಗಿನಲ್ಲಿ ಮಾತ್ರ ಇರುತ್ತದೆ. ಕಳಿಸಿದ್ದು ತಲುಪಿತೇ ಎಂದು ತಾನಾಗಿ ಖಚಿತಪಡಿಸದ ಯುಡಿಪಿ ಮೇಲೆ ಓಡುವಾಗ ಇನ್ನೊಂದು ಕಡೆಗೆ ಬಹಳ ಸಲ ಬರೀ ಮೌನ ಸಿಗುತ್ತದೆ. 60 ಸೆಕೆಂಡು ಕಾದು, ಬಹುಶಃ ನೆಟ್‌ವರ್ಕ್ ಇರಬೇಕು ಎಂದು ಅದು ತನಗೆ ತೋಚಿದ್ದನ್ನು ಬರೆಯುತ್ತದೆ. ನಿಮ್ಮ 32 ಲ್ಯಾಪ್‌ಟಾಪ್‌ಗಳೂ ಬರೆದದ್ದು ಅದೇ. ನೆಟ್‌ವರ್ಕಿನದ್ದೇ ತೊಂದರೆಯೇ ಎಂದು ತಿಳಿಯಲು ಸುಲಭದ ಗುರುತು ಒಂದಿದೆ: ಸರ್ವರ್ ಲಾಗಿನಲ್ಲಿ ಆ ಕ್ಲೈಂಟಿನ ಐಪಿಯಿಂದ ‘ಇನಿಷಿಯಲ್ ಪ್ಯಾಕೆಟ್’ ಬಂದ ಸಾಲು ಇದೆಯೇ? ಇದ್ದರೆ ದಾರಿ ತೆರೆದಿದೆ, ರೂಟರನ್ನು ಅದರ ಪಾಡಿಗೆ ಬಿಡಿ. ಆ ಸಾಲೂ ಇಲ್ಲದಿದ್ದರೆ ಮಾತ್ರ ಫೈರ್‌ವಾಲ್ ಕಡೆಗೆ ಹೋಗಿ.

ಕಾರಣದ ಸಾಲು ಸಿಕ್ಕ ಮೇಲೆ ಅದರಲ್ಲಿರುವ ಡೆಪ್ತ್ ಸಂಖ್ಯೆ ನೋಡಿ. ಸೊನ್ನೆ ಎಂದರೆ ಎದುರಿನವರ ಸ್ವಂತ ಸರ್ಟಿಫಿಕೇಟ್, ಒಂದು ಎಂದರೆ ಅದಕ್ಕೆ ಸಹಿ ಹಾಕಿದ ಸಿಎ. ಅವಧಿ ಮುಗಿದಿದೆ ಎಂಬ ದೂರು ಡೆಪ್ತ್ ಒಂದರಲ್ಲಿ ಬಂದಿದ್ದರೆ ಕ್ಲೈಂಟಿಗೆ ಎಷ್ಟು ಹೊಸ ಸರ್ಟಿಫಿಕೇಟ್ ಮಾಡಿಕೊಟ್ಟರೂ ಉಪಯೋಗವಿಲ್ಲ, ಮುಗಿದಿರುವುದು ಸಿಎಯದ್ದು.

ಅತಿ ಹೆಚ್ಚು ಜನರನ್ನು ದಾರಿ ತಪ್ಪಿಸುವುದು ‘ಅನೇಬಲ್ ಟು ಗೆಟ್ ಲೋಕಲ್ ಇಶ್ಯೂಯರ್ ಸರ್ಟಿಫಿಕೇಟ್’ ಎಂಬ ದೂರು, ಓಪನ್‌ಎಸ್‌ಎಸ್‌ಎಲ್‌ನ ಲೆಕ್ಕದಲ್ಲಿ 20ನೇ ದೋಷ. ಈ ಸರ್ಟಿಫಿಕೇಟಿಗೆ ಸಹಿ ಹಾಕಿದವರು ನನ್ನ ಬಳಿ ಇರುವ ಸಿಎ ಫೈಲಿನಲ್ಲಿ ಇಲ್ಲ ಎಂದು ಅದರ ಅರ್ಥ. ಇಲ್ಲಿ ಗೊಂದಲ ಹೇಗೆ ಹುಟ್ಟುತ್ತದೆ ನೋಡಿ. ಯಾರೋ ಎಂದೋ ಪಿಕೆಐ (ಸಿಎ, ಕೀ, ಸರ್ಟಿಫಿಕೇಟ್‌ಗಳೆಲ್ಲ ಇರುವ ಸಂಗ್ರಹ) ಅಳಿಸಿ ಹೊಸದಾಗಿ ಸಿಎ ಕಟ್ಟಿರುತ್ತಾರೆ. ಹೆಸರು ಕೇಳಿದಾಗ ಎಂಟರ್ ಒತ್ತಿರುತ್ತಾರೆ, ಆದ್ದರಿಂದ ಹಳೆಯ ಸಿಎಯ ಹೆಸರೂ ‘ಈಸಿ-ಆರ್‌ಎಸ್‌ಎ ಸಿಎ’, ಹೊಸದರ ಹೆಸರೂ ‘ಈಸಿ-ಆರ್‌ಎಸ್‌ಎ ಸಿಎ’. ಈಗ ಸರ್ಟಿಫಿಕೇಟ್ ತೆರೆದು ನೋಡಿದರೆ ಸಹಿ ಹಾಕಿದವರು ಈಸಿ-ಆರ್‌ಎಸ್‌ಎ ಸಿಎ. ಸಿಎ ಫೈಲ್ ತೆರೆದರೆ ಅಲ್ಲೂ ಅದೇ ಹೆಸರು. ಎರಡೂ ಅಕ್ಷರಕ್ಕೆ ಅಕ್ಷರ ಹೊಂದುತ್ತವೆ, ಆದರೂ ಸಿಗುತ್ತಿಲ್ಲ ಎಂದು ಲಾಗ್ ಹಠ ಹಿಡಿಯುತ್ತದೆ. ಲಾಗ್ ಹೇಳುವುದೇ ನಿಜ. ಒಂದೇ ಹೆಸರಿನ ಇಬ್ಬರು ಬೇರೆ ಬೇರೆ ವ್ಯಕ್ತಿಗಳು ಅವರು. ಓಪನ್‌ಎಸ್‌ಎಸ್‌ಎಲ್ ಹೆಸರಿನ ಜೊತೆಗೆ ಕೀಯ ಗುರುತನ್ನೂ ಹೋಲಿಸುತ್ತದೆ. ಸರ್ಟಿಫಿಕೇಟಿನ ಪೂರ್ಣ ಪಠ್ಯ ತೆರೆದು ‘ಅಥಾರಿಟಿ ಕೀ ಐಡೆಂಟಿಫೈಯರ್’ ಎಂಬಲ್ಲಿರುವ ಅಂಕಿಗಳನ್ನು, ಸಿಎ ಫೈಲಿನ ‘ಸಬ್ಜೆಕ್ಟ್ ಕೀ ಐಡೆಂಟಿಫೈಯರ್’ ಅಂಕಿಗಳ ಪಕ್ಕದಲ್ಲಿಟ್ಟು ನೋಡಿ. ಬೇರೆಯಾಗಿದ್ದರೆ ಚರ್ಚೆ ಮುಗಿಯಿತು. ಸಿಎ ಕಟ್ಟುವಾಗ ಹೆಸರಿನಲ್ಲಿ ಕಚೇರಿಯ ಹೆಸರನ್ನೂ ಇಸವಿಯನ್ನೂ ಸೇರಿಸಿ ಎಂದು ನಾನು ಎಲ್ಲರಿಗೂ ಹೇಳುವುದು ಇದಕ್ಕಾಗಿ.

ಇದೇ ಕಾರಣಕ್ಕೆ ಇನ್ನೊಂದು ಮಾತು. ಓಪನ್‌ಎಸ್‌ಎಸ್‌ಎಲ್‌ನ ವೆರಿಫೈ ಆದೇಶದಿಂದ ಪರೀಕ್ಷೆ ಮಾಡಿದೆ, ಓಕೆ ಬಂತು, ಆದರೂ ವಿಪಿಎನ್ ಬರುತ್ತಿಲ್ಲ ಎಂದು ಹೇಳುವವರನ್ನು ನಾನು ಕೇಳುವುದು ಒಂದೇ: ಯಾವ ಯಂತ್ರದಲ್ಲಿ ಪರೀಕ್ಷೆ ಮಾಡಿದಿರಿ, ಯಾರ ಸಿಎ ಫೈಲ್ ಕೊಟ್ಟಿರಿ? ಸರ್ವರ್‌ನ ಸರ್ಟಿಫಿಕೇಟನ್ನು ಸರ್ವರ್‌ನಲ್ಲೇ ಇರುವ ಸಿಎ ಫೈಲಿನಿಂದ ಪರೀಕ್ಷಿಸಿದರೆ ಓಕೆ ಬಾರದೆ ಇನ್ನೇನು? ಕ್ಲೈಂಟ್ ತಿರಸ್ಕರಿಸುತ್ತಿದ್ದರೆ ಕ್ಲೈಂಟಿನ ಓವಿಪಿಎನ್ (ಸಂರಚನೆಯ) ಫೈಲಿನೊಳಗೆ ಅಂಟಿಸಿರುವ ಸಿಎ ಭಾಗವನ್ನೇ ಕತ್ತರಿಸಿ ಬೇರೆ ಫೈಲ್ ಮಾಡಿ, ಸಾಧ್ಯವಾದರೆ ಅದೇ ಲ್ಯಾಪ್‌ಟಾಪಿನಲ್ಲಿ, ಅದರಿಂದ ಪರೀಕ್ಷಿಸಿ. ತಿರಸ್ಕರಿಸಿದವರ ಫೈಲ್, ತಿರಸ್ಕರಿಸಿದವರ ಲೈಬ್ರರಿ, ತಿರಸ್ಕರಿಸಿದವರ ಗಡಿಯಾರ.

ಗಡಿಯಾರ ಎಂದಾಗ ನನ್ನದೇ ಒಂದು ಪ್ರಸಂಗ ನೆನಪಾಗುತ್ತದೆ. ಮಲೆನಾಡಿನ ಒಂದು ಸಣ್ಣ ಸಂಸ್ಥೆಗೆ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಮೇಲೆ ಓಪನ್‌ವಿಪಿಎನ್ ಕ್ಲೈಂಟ್ ಹಾಕಿಕೊಟ್ಟಿದ್ದೆ. ಮಳೆಗಾಲದಲ್ಲಿ ಅಲ್ಲಿ ನಾಲ್ಕು ದಿನ ಕರೆಂಟ್ ಇರಲಿಲ್ಲ. ಆ ನಾಲ್ಕು ದಿನಗಳ ನಡುವೆ ನಾನು ಇಲ್ಲಿ ಸರ್ವರ್‌ನ ಸರ್ಟಿಫಿಕೇಟ್ ನವೀಕರಿಸಿದ್ದೆ. ಕರೆಂಟ್ ಬಂದ ಮೇಲೆ ಉಳಿದೆಲ್ಲ ಕ್ಲೈಂಟ್‌ಗಳೂ ಸರಿ, ಅದೊಂದು ಮಾತ್ರ ಬರಲಿಲ್ಲ. ಎರಡು ದಿನ ಸರ್ವರ್‌ನ ಲಾಗನ್ನೇ ಓದಿದೆ. ಅಲ್ಲಿ ಏನೂ ಇರಲಿಲ್ಲ. ಕೊನೆಗೆ ಅಲ್ಲಿಯ ಒಬ್ಬರಿಂದ ಪೈಯ ಲಾಗಿನ ಫೋಟೊ ತರಿಸಿಕೊಂಡಾಗ ಕಂಡದ್ದು: ಸರ್ಟಿಫಿಕೇಟ್ ಇನ್ನೂ ಜಾರಿಗೆ ಬಂದಿಲ್ಲ ಎಂಬ ದೂರು, ಮತ್ತು ಆ ಸಾಲಿನ ಮೊದಲಲ್ಲೇ ಇದ್ದ ದಿನಾಂಕ, ಕರೆಂಟ್ ಹೋದ ದಿನದ್ದು. ಆ ಪೈಯಲ್ಲಿ ಬ್ಯಾಟರಿಯಿಂದ ಓಡುವ ಗಡಿಯಾರ ಇರಲಿಲ್ಲ. ಅದು ಕೊನೆಯದಾಗಿ ಬರೆದಿಟ್ಟುಕೊಂಡ ಹೊತ್ತಿನಿಂದಲೇ ಎದ್ದಿತ್ತು. ಅದರ ಪಾಲಿಗೆ ನನ್ನ ಹೊಸ ಸರ್ಟಿಫಿಕೇಟ್ ಇನ್ನೂ ಹುಟ್ಟಿರಲಿಲ್ಲ. ಹೊತ್ತು ಸರಿಪಡಿಸಿಕೊಳ್ಳಲು ಅದು ಕೇಳಬೇಕಾಗಿದ್ದ ಎನ್‌ಟಿಪಿ ಸರ್ವರ್ ಇದ್ದದ್ದು ವಿಪಿಎನ್‌ನ ಒಳಗೆ, ಅಂದರೆ ಬಾಗಿಲಿನ ಆಚೆ. ಹಾಗೆ ಸಂರಚಿಸಿದ್ದವನು ನಾನೇ. ಅಂದಿನಿಂದ ವಿಪಿಎನ್ ಕ್ಲೈಂಟ್ ಆಗುವ ಯಾವ ಪೆಟ್ಟಿಗೆಗೂ ಹೊರಗಿನ ಎನ್‌ಟಿಪಿ ಸರ್ವರನ್ನೇ ಕೊಡುತ್ತೇನೆ.

ಇದರ ತಂಗಿಯಂತಹ ಇನ್ನೊಂದು ತೊಂದರೆ ನಮ್ಮಲ್ಲಿ ಆಗಾಗ ಕಾಣುತ್ತದೆ. ಯಂತ್ರದ ಕಾಲವಲಯ ಯುಟಿಸಿ ಎಂದೇ ಇರುತ್ತದೆ, ಯಾರೋ ಕೈಗಡಿಯಾರ ನೋಡಿ ಭಾರತದ ಹೊತ್ತನ್ನು ಅದಕ್ಕೆ ತುಂಬಿರುತ್ತಾರೆ. ಯಂತ್ರ ಐದೂವರೆ ಗಂಟೆ ಮುಂದಿರುತ್ತದೆ. ಅದರಲ್ಲಿ ಬೆಳಿಗ್ಗೆ ಹತ್ತಕ್ಕೆ ಮಾಡಿದ ಸರ್ಟಿಫಿಕೇಟನ್ನು ಬೇರೆ ಯಂತ್ರಗಳು ಮಧ್ಯಾಹ್ನ ಮೂರೂವರೆಯವರೆಗೆ ಒಪ್ಪುವುದಿಲ್ಲ, ಆಮೇಲೆ ತಾನಾಗಿಯೇ ಒಪ್ಪುತ್ತವೆ. ಬೆಳಿಗ್ಗೆ ಕೆಟ್ಟದ್ದು ಸಂಜೆಗೆ ಸರಿಹೋಯಿತು ಎಂದು ಯಾರಾದರೂ ಹೇಳಿದರೆ ನಾನು ಮೊದಲು ನೋಡುವುದು ಸಿಎ ಯಂತ್ರದ ಗಡಿಯಾರವನ್ನು.

ಗೆಳೆಯರು ತೆಗೆಯಿರಿ ಎಂದ ಸಾಲುಗಳಲ್ಲಿ ಕ್ಲೈಂಟ್ ಕಡೆಯ ‘ರಿಮೋಟ್-ಸರ್ಟ್-ಟಿಎಲ್‌ಎಸ್ ಸರ್ವರ್’ ಕೂಡ ಇದ್ದೀತು. ಅದನ್ನು ವಿಶೇಷವಾಗಿ ಕಾಪಾಡಿಕೊಳ್ಳಿ. ನಿಮ್ಮ ಕಚೇರಿಯ 32 ಜನರ ಬಳಿಯೂ ಅದೇ ಸಿಎ ಸಹಿ ಮಾಡಿದ ಸರ್ಟಿಫಿಕೇಟ್ ಇದೆ. ಎದುರಿನ ಸರ್ಟಿಫಿಕೇಟ್ ಸರ್ವರ್ ಆಗಲೆಂದೇ ಮಾಡಿದ್ದೇ ಎಂದು ಈ ಸಾಲು ಪರೀಕ್ಷಿಸುತ್ತದೆ. ಇದು ಇಲ್ಲದಿದ್ದರೆ ಅವರಲ್ಲಿ ಯಾರು ಬೇಕಾದರೂ ತಾವೇ ಸರ್ವರ್ ಎಂದು ನಡುವೆ ನಿಲ್ಲಬಹುದು, ಕ್ಲೈಂಟ್ ನಂಬುತ್ತದೆ. ಈ ಪರೀಕ್ಷೆ ಸೋತರೆ ಬಹುಮಟ್ಟಿಗೆ ಕಾರಣ ಒಂದೇ: ಸರ್ವರ್‌ಗೆ ಸರ್ಟಿಫಿಕೇಟ್ ಮಾಡುವಾಗ ಬಿಲ್ಡ್-ಸರ್ವರ್-ಫುಲ್ ಬದಲು ಬಿಲ್ಡ್-ಕ್ಲೈಂಟ್-ಫುಲ್ ಕೊಟ್ಟಿರುತ್ತಾರೆ. ಸರಿಯಾದ ಬಗೆಯದ್ದನ್ನು ಮಾಡಿ ಹಾಕಿದರೆ ಆಯಿತು, ಕ್ಲೈಂಟ್‌ಗಳನ್ನು ಮುಟ್ಟಬೇಕಿಲ್ಲ.

ಸರ್ವರ್ ಅಥವಾ ಲ್ಯಾಪ್‌ಟಾಪಿನ ಕಾರ್ಯಾಚರಣಾ ವ್ಯವಸ್ಥೆಯನ್ನು ಮೇಲ್ದರ್ಜೆಗೆ ಏರಿಸಿದ ಮರುದಿನವೇ ಕೆಟ್ಟರೆ ಅದು ಬೇರೆ ಜಾತಿ. 2019ರಲ್ಲಿ ಬಂದ ಡೆಬಿಯನ್ 10 ಓಪನ್‌ಎಸ್‌ಎಸ್‌ಎಲ್‌ನ ಭದ್ರತಾ ಮಟ್ಟವನ್ನು ಎರಡಕ್ಕೆ ಏರಿಸಿತು. 1024 ಬಿಟ್‌ನ ಕೀಗಳೂ ಎಸ್‌ಎಚ್‌ಎ-1 ಎಂಬ ಹಳೆಯ ವಿಧಾನದ ಸಹಿಗಳೂ ಅಲ್ಲಿಗೆ ನಡೆಯದಾದವು. ‘ಸಿಎ ಎಂಡಿ ಟೂ ವೀಕ್’ (ಸಹಿಯ ವಿಧಾನ ತೀರಾ ದುರ್ಬಲ) ಎಂಬ ದೂರು ಆಗ ಎಲ್ಲೆಡೆ ಕಾಣಿಸಿತು. ಹೆಸರು ನೋಡಿ ಸಿಎ ಫೈಲನ್ನು ಮಾತ್ರ ದೂಷಿಸಬೇಡಿ. ನಿಮ್ಮ ಸ್ವಂತ ಸರ್ಟಿಫಿಕೇಟಿನ ಮೇಲಿರುವ ಸಹಿ ಎಂಡಿ-5 ಅಥವಾ ಎಸ್‌ಎಚ್‌ಎ-1 ಆಗಿದ್ದರೂ ಅದೇ ದೂರು ಬರುತ್ತದೆ. ಮಟ್ಟವನ್ನು ಸೊನ್ನೆಗೆ ಇಳಿಸಿ ಕೆಲವು ದಿನ ತಳ್ಳಬಹುದು, ಆದರೆ ಆ ಕೆಲವು ದಿನಗಳನ್ನು ಹೊಸ ಸರ್ಟಿಫಿಕೇಟ್ ಹಂಚುವುದಕ್ಕೇ ಬಳಸಬೇಕು. ನಿಮ್ಮವು ಹೊಸವು, ನಿಮಗೆ ಈ ಚಿಂತೆ ಇಲ್ಲ.

ನಿಮಗಿರುವ ಚಿಂತೆ ಬೇರೆ. 32 ಸರ್ಟಿಫಿಕೇಟ್‌ಗಳನ್ನೂ ಸರ್ವರ್‌ನದನ್ನೂ ನೀವು ಬಹುಶಃ ಒಂದೇ ವಾರದಲ್ಲಿ ಮಾಡಿದ್ದೀರಿ, ಈಸಿ-ಆರ್‌ಎಸ್‌ಎ ಎಲ್ಲಕ್ಕೂ 825 ದಿನ ಕೊಟ್ಟಿದೆ. ಅಂದರೆ 2026ರ ಜೂನ್‌ನಲ್ಲಿ ಎಲ್ಲವೂ ಒಟ್ಟಿಗೇ ಮುಗಿಯುತ್ತವೆ. ಏಪ್ರಿಲ್‌ನಲ್ಲೇ ಸರ್ವರ್‌ನ ಸರ್ಟಿಫಿಕೇಟ್ ನವೀಕರಿಸಿ. ಅದೇ ಸಿಎಯ ಸಹಿ ಇರುವ ತನಕ ಕ್ಲೈಂಟ್‌ಗಳಿಗೆ ಅದು ಗೊತ್ತೂ ಆಗುವುದಿಲ್ಲ. ಆಮೇಲೆ ವಾರಕ್ಕೆ ಆರೇಳು ಜನರಂತೆ ಹೊಸ ಸರ್ಟಿಫಿಕೇಟ್ ಕೊಡುತ್ತಾ ಬಂದರೆ ಮೇ ಮುಗಿಯುವುದರೊಳಗೆ ಎಲ್ಲರದ್ದೂ ಆಗುತ್ತದೆ. ಯಾವ ಕಾರಣಕ್ಕೂ ಇನಿಟ್-ಪಿಕೆಐ ಆದೇಶ ಕೊಡಬೇಡಿ, ಅದು ನಿಮ್ಮ ಸಿಎಯನ್ನೇ ಅಳಿಸಿಹಾಕುತ್ತದೆ. ಇಂದು ಹೊಸ ಪಟ್ಟಿ ಹಾಕಿದ ಮೇಲೂ ಬಾಗಿಲು ತೆರೆಯದಿದ್ದರೆ, ಸರ್ವರ್ ಲಾಗಿನಲ್ಲಿ ವೆರಿಫೈ ಎರರ್ ಎಂದು ಶುರುವಾಗುವ ಒಂದು ಸಾಲನ್ನು ಹಾಗೆಯೇ ಬರೆದು ಕಳಿಸಿ. ಅದೊಂದು ಸಾಲು ಇದ್ದರೆ ಸಾಕು, ಮುಂದಿನ ದಾರಿ ಹೇಳುತ್ತೇನೆ.